ನಂಗಲಿಯ ಒಂದು ಹಿತ್ತಲ ಕಾರ್ಖಾನೆ

ಬಡಗಿಗೆ ಉಳಿ ಮಾಡಿಕೊಡುವವನು ಕಮ್ಮಾರ. ಒಕ್ಕಲಿಗನಿಗೆ ಕುಡುಗೋಲು ಮಾಡಿಕೊಡುವವನೂ ಅವನೇ. ಕಮ್ಮಾರನಿಗೆ ಇಕ್ಕಳ ಮಾಡಿಕೊಡುವವರು ಯಾರು? ಅವನಿಗೆ ಅವನೇ. ತನ್ನ ಉಪಕರಣವನ್ನು ತಾನೇ ಹುಟ್ಟಿಸಿಕೊಳ್ಳುವ ಈ ಸ್ವಾತಂತ್ರ್ಯ ಕುಲುಮೆಯೊಡನೆ ಮುಗಿದುಹೋಯಿತೆಂದು ನಮ್ಮಂಥ ಪುಸ್ತಕದ ಜನ ಭಾವಿಸುವುದುಂಟು. ಮುಗಿದಿಲ್ಲವೆಂಬುದನ್ನು ನಾನು ಕಂಡದ್ದು ನಂಗಲಿಯಲ್ಲಿ.

ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯೆಂದು ಹೇಳುವುದು ಇದೇ ನಂಗಲಿಯ ಘಟ್ಟವನ್ನು. ಇಂದು ಮುಳಬಾಗಿಲಿನಿಂದ ಪಲಮನೇರಿಗೆ ಓಡುವ ಲಾರಿಗಳಿಗೆ ಇದು ಹೆದ್ದಾರಿಯ ಬದಿಯ ಒಂದು ಊರು. ಇಲ್ಲಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳ ತಾತ ಕೋಲಾರದ ಚಿನ್ನದ ಗಣಿಯ ಕಾರ್ಯಾಗಾರದಲ್ಲಿ ಲೇತ್ ಕೆಲಸಗಾರರಾಗಿದ್ದವರು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಸೇರಿದ ಆ ಗಣಿಗಳು ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಮುಚ್ಚಿದವು. ಕೆಲಸ ಹೋಯಿತು, ಕೈ ಉಳಿಯಿತು. ಗುಜರಿಯಲ್ಲಿ ಕೊಂಡ ಹಳೆಯ ಲೇತೊಂದನ್ನು ಮನೆಯ ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿ ನೆಟ್ಟು ಅವರು ಬದುಕು ಕಟ್ಟಿಕೊಂಡರು. ಸುತ್ತಲಿನ ತೋಟಗಳ ಕೊಳವೆಬಾವಿಯ ಪಂಪುಗಳು ಕೈಕೊಟ್ಟಾಗ ರೈತರು ಸವೆದ ಬುಷ್‌ಗಳನ್ನು ಹಿಡಿದು ಬರುವುದು ಇಲ್ಲಿಗೆ. ಟೊಮೆಟೊ ಗಿಡ ನೀರಿಗಾಗಿ ನಾಲ್ಕು ದಿನ ಕಾಯುವುದಿಲ್ಲವಷ್ಟೆ.

ಲೇತೆಂದರೆ ಅಡ್ಡ ಮಲಗಿಸಿದ ಕುಂಬಾರನ ಚಕ್ರವೆಂದು ಓದುಗರು ಭಾವಿಸಬಹುದು. ಲೋಹ ತಿರುಗುತ್ತದೆ, ಮೊನಚಾದ ಉಳಿಯೊಂದು ಸರಿಯುತ್ತ ಅದನ್ನು ಸಿಪ್ಪೆಯಂತೆ ಸುಲಿಯುತ್ತದೆ. ಆದರೆ ಲೇತೊಂದೇ ಇದ್ದರೆ ಸಾಲದು. ಉಳಿ ಹಿಡಿಯುವ ಹಿಡಿಕೆ, ತೂತಿನ ಒಳಮೈ ಕೊರೆಯುವ ಸಲಾಕೆ, ಗುರುತು ಹಾಕುವ ಮೊಳೆ ಎಂದು ಅದರ ಸಂಸಾರ ದೊಡ್ಡದು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಇವೆಲ್ಲ ಸಿಗುವುದಿಲ್ಲವೆಂದಲ್ಲ. ಆ ಹಳೆಯ ಯಂತ್ರಕ್ಕೆ ಅವು ಹೊಂದುವುದಿಲ್ಲ. ಹೊಂದುವುದರ ಬೆಲೆ ಹೊಂದುವುದಿಲ್ಲ. ಆದ್ದರಿಂದ ಆ ಗೋಡೆಯ ಮೇಲೆ ತೂಗುವ ಉಪಕರಣಗಳಲ್ಲಿ ಹೆಚ್ಚಿನವು ಮನೆಯಲ್ಲೇ ಹುಟ್ಟಿದವು. ಟ್ರ್ಯಾಕ್ಟರಿನ ಅಚ್ಚು ಸಲಾಕೆಯಾಗಿದೆ. ಲಾರಿಯ ಸ್ಪ್ರಿಂಗ್ ಪಟ್ಟಿ ಚಾಣವಾಗಿದೆ. ಹಲ್ಲು ಸವೆದ ಅರ, ಅದರ ಉಕ್ಕಿನ ಗುಣ ಕೆಡದಿರುವುದರಿಂದ, ಕೆರೆಯುವ ಉಳಿಯಾಗಿ ಮರುಜನ್ಮ ಪಡೆದಿದೆ.

ಇದನ್ನು ಬಡತನದ ಉಪಾಯವೆಂದು ಮರುಕಪಡುವವರುಂಟು. ನಾನೊಪ್ಪೆ. ಲೋಹವನ್ನು ಕಚ್ಚಿ ಹಿಡಿಯುವ ಚಕ್ಕನ್ನು ಯಂತ್ರಕ್ಕೆ ಕೂಡಿಸಲು ನಡುವೆ ಒಂದು ಬಿಲ್ಲೆ ಬೇಕು. ಅದನ್ನು ಹೊರಗೆ ಎಷ್ಟೇ ನಯವಾಗಿ ಮಾಡಿಸಿ ತಂದರೂ ಕೂದಲೆಳೆಯಷ್ಟು ಓಲಾಡೀತು. ಒರಟು ಬಿಲ್ಲೆಯನ್ನು ಅದೇ ಯಂತ್ರದ ಕದಿರಿಗೆ ಏರಿಸಿ, ಅಲ್ಲೇ ತಿರುಗಿಸಿ, ಅಲ್ಲೇ ಸುಲಿದರೆ ಅದರ ಮುಖ ಆ ಕದಿರಿಗೇ ನೇರವಾಗುತ್ತದೆ. ಯಂತ್ರ ತನ್ನ ಅಳತೆಯನ್ನು ತಾನೇ ಹೇಳುತ್ತದೆ. ಕೊಂಡು ತಂದದ್ದಕ್ಕೆ ಈ ಭಾಗ್ಯವಿಲ್ಲ.

ಇದಕ್ಕಿಂತ ಸೋಜಿಗವಾದದ್ದು ಸಮತಲದ ಸಂಗತಿ. ಸಮತಟ್ಟಾದ ಫಲಕವೇ ಇಲ್ಲದಿದ್ದಾಗ ಮೊದಲ ಫಲಕವನ್ನು ಯಾವುದಕ್ಕೆ ಹೋಲಿಸಿ ಮಾಡುವುದು? ಎರಡನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಿ ಇನ್ನೊಂದು ತಗ್ಗಿಯೂ ಅವು ಕೂಡಿಕೊಂಡಾವು. ಮೂರು ಫಲಕಗಳನ್ನು ತೆಗೆದುಕೊಂಡು, ಬಣ್ಣ ಸವರಿ, ಜೋಡಿ ಬದಲಿಸುತ್ತ ಒತ್ತಿ, ಬಣ್ಣ ಹತ್ತಿದ ಉಬ್ಬುಗಳನ್ನು ಕೆರೆಯುತ್ತ ಹೋದರೆ ಆ ಮೋಸ ನಡೆಯದು: ಮೂರೂ ಒಂದಕ್ಕೊಂದು ಕೂಡಬೇಕಾದರೆ ಮೂರೂ ಸಮತಟ್ಟಾಗಲೇಬೇಕು. 1840ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ವಿದ್ವತ್ಸಭೆಯೊಂದರ ಮುಂದೆ ವಿವರಿಸಿದ ಕ್ರಮವಿದು. ಗಣಿಯ ಕಾರ್ಯಾಗಾರದಲ್ಲಿ ಅದನ್ನು ಕಲಿತ ಈ ಹಿರಿಯರಿಗೆ ವಿಟ್‌ವರ್ತನ ಹೆಸರು ಗೊತ್ತಿರುವುದು ತಿರುಪಿನ ಎಳೆಯ ಅಳತೆಯಾಗಿ ಮಾತ್ರ.

ಈಗ ಅವರ ಕಣ್ಣು ಮಂದವಾಗಿದೆ. ಸಕ್ಕರೆ ಕಾಯಿಲೆ ಅಲ್ಲಿಗೂ ಇಳಿದಿದೆ. ಅಳತೆಯನ್ನು ಬೆರಳು ಹೇಳೀತು, ಹದವನ್ನು ಹೇಳದು. ಕೆಂಪಗೆ ಕಾಸಿ ನೀರಿಗದ್ದಿದ ಉಕ್ಕು ಗಾಜಿನಂತೆ ಪೆಡಸಾಗಿರುತ್ತದೆ. ಮೈಯುಜ್ಜಿ ಹೊಳಪು ಬರಿಸಿ ಮತ್ತೆ ಮೆಲ್ಲಗೆ ಕಾಸಿದರೆ ಸುಮಾರು 230 ಡಿಗ್ರಿಯಿಂದ 300 ಡಿಗ್ರಿಯೊಳಗೆ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ತಕ್ಕ ಬಣ್ಣದಲ್ಲಿ ತಡೆದು ನಿಲ್ಲಿಸಬೇಕು; ಅರೆಗಳಿಗೆ ತಪ್ಪಿದರೆ ಉಳಿ ಮೆತ್ತಗಾಯಿತು.

ನಾನು ಹೋದ ದಿನ ತಾತ ಇಕ್ಕಳ ಹಿಡಿದಿದ್ದರು. ಮೊಮ್ಮಗಳು ಒಲೆಯ ಮುಂದೆ ಬಗ್ಗಿ ಬಣ್ಣ ಓದುತ್ತಿದ್ದಳು.

"ಏನು ಬಂತಮ್ಮಾ?"

"ಒಣಹುಲ್ಲು, ತಾತ... ಬೆಲ್ಲ... ಬದನೆಕಾಯಿ ಬರ್ತಾ ಇದೆ."

"ಅದ್ದು!"

ನೀರು ಚುಂಯ್ ಎಂದಿತು. ನವಿಲಿನ ಕೊರಳ ಬಣ್ಣಕ್ಕೆ ಹೋಗಗೊಟ್ಟರೆ ಸ್ಪ್ರಿಂಗಿಗೆ ಸರಿ, ಚಾಣಕ್ಕೆ ಸಲ್ಲದು ಎಂದು ಹುಡುಗಿ ನನಗೆ ತಿಳಿಸಿದಳು. ಗಣಿಯಲ್ಲಿ ಇಂಗ್ಲಿಷು ತಮಿಳು ಬೆರೆಸಿ ಕಲಿತದ್ದನ್ನು ಮನೆಯವರಿಗಾಗಿ ತಾತ ಹೀಗೆ ಅಡುಗೆಮನೆಯ, ಹೊಲದ ಮಾತಿಗೆ ತಂದಿದ್ದಾರೆ. ಪಾರಿಭಾಷಿಕ ಪದಗಳಿಗಾಗಿ ಸಮಿತಿ ಕೂಡುವ ನಾವು ಕಿವಿಗೊಡಬೇಕಾದ ಮಾತುಗಳಿವು. ಮಣ್ಣಿಗೂ ಪಾಕಕ್ಕೂ ಉಕ್ಕಿಗೂ ಒಂದೇ 'ಹದ' ಎನ್ನುವ ಕನ್ನಡಕ್ಕೆ ಅವು ಪರಕೀಯವೂ ಅಲ್ಲ.

ಲೇತನ್ನು ತೂಕದ ಲೆಕ್ಕದಲ್ಲಿ ಕೇಳಲು ಗುಜರಿಯವನು ಎರಡು ಸಲ ಬಂದುಹೋಗಿದ್ದಾನೆ. ಮಗನಿಗೆ ಮಾರುವ ಮನಸ್ಸಿದೆ. ಕೊಟ್ಟಿಗೆಯ ಜಾಗದಲ್ಲಿ ಬಾಡಿಗೆಯ ಅಂಗಡಿ ಏಳಬಹುದು. ತಪ್ಪೆನ್ನಲಾರೆ, ಹೆದ್ದಾರಿಯ ಬದಿಯ ನೆಲವದು. ತಾತ ಹೌದೆಂದೂ ಇಲ್ಲ, ಇಲ್ಲವೆಂದೂ ಇಲ್ಲ. "ಯಂತ್ರ ಇನ್ನೊಂದು ಸಿಕ್ಕೀತು ಮೇಷ್ಟ್ರೇ. ಗೋಡೆ ಮೇಲಿರೋದು ಮಾತ್ರ ಈ ಯಂತ್ರಕ್ಕೇ ಹುಟ್ಟಿದ್ದು, ಬೇರೆಯದಕ್ಕೆ ಕೂಡೋದಿಲ್ಲ" ಎಂದರು. ಹುಡುಗಿಗೆ ಡಿಗ್ರಿ ಮುಗಿಯಲು ಇನ್ನೊಂದು ವರ್ಷವಿದೆ. ಅಷ್ಟರವರೆಗೆ ಮಾರುವ ಮಾತು ಬೇಡವೆಂದು ಅವಳು ಅಪ್ಪನಿಂದ ಒಪ್ಪಿಗೆ ಪಡೆದಿದ್ದಾಳೆ. ಹಳೆಯ ಅರದಿಂದ ಮಾಡಿದ ಅವಳ ಮೊದಲ ಗುರುತುಮೊಳೆ ಈಗ ಅವಳ ಪೆನ್ನಿನ ಡಬ್ಬಿಯಲ್ಲಿದೆ. ಮುಂದಿನ ಭಾನುವಾರ ಒಳಕೊರೆಯುವ ಸಲಾಕೆಯ ಸರದಿಯಂತೆ.