ನೂರು ಕೆಜಿಯ ಪೆಟ್ಟಿಗೆ ಹೆಗಲಿಗೇರಿದ ಬಗೆ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ, ಅಲ್ಲಿಂದ ಹೊಸಕೋಟೆಗೆ ಹೋಗುವ ದಾರಿಯ ಇಕ್ಕೆಲದಲ್ಲೂ ಫ್ಯಾಬ್ರಿಕೇಷನ್ ಶೆಡ್ಡುಗಳು. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರು, ಗೋದಾಮಿನ ಟ್ರಸ್ಸು, ದ್ರಾಕ್ಷಿ ಚಪ್ಪರದ ಆಂಗಲ್ಲು, ಎಲ್ಲವೂ ಇಲ್ಲೇ ತಯಾರಾಗುತ್ತವೆ. ಈ ಶೆಡ್ಡುಗಳಲ್ಲಿ ಬಂದ ದೊಡ್ಡ ಬದಲಾವಣೆ ಯಾವುದೆಂದರೆ ಬಹಳ ಜನ ಲೇಸರ್ ಕಟಿಂಗ್ ಯಂತ್ರದತ್ತ ಬೊಟ್ಟು ಮಾಡುತ್ತಾರೆ. ನೆಲಮಂಗಲಕ್ಕೆ ಮೊದಲೇ ಸಿಗುವ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಮೇಳ ‘ಇಮ್ಟೆಕ್ಸ್’ ನಡೆದಾಗ ಅಂಥ ಯಂತ್ರಗಳ ಮುಂದೆ ಜನ ಮುಗಿಬೀಳುವುದೂ ನಿಜ. ಆದರೆ ಲೇಸರ್ ಕೊಳ್ಳುವ ಶಕ್ತಿ ಇರುವುದು ಕೆಲವರಿಗೆ ಮಾತ್ರ. ಇಬ್ಬರು ಮೂವರು ಕೆಲಸಗಾರರ ಶೆಡ್ಡಿನ ಹಣೆಬರಹ ಬದಲಿಸಿದ್ದು ಇನ್ವರ್ಟರ್ ವೆಲ್ಡಿಂಗ್ ಸೆಟ್ ಎಂದೇ ನಾನು ಹೇಳುತ್ತೇನೆ.

ಹಳೆಯ ಸೆಟ್ಟನ್ನು ಕಂಡವರು ಮರೆಯಲಾರರು. ಕೆಳಗೆ ಪುಟ್ಟ ಚಕ್ರ, ಮೇಲೆ ಆಂಪಿಯರ್ ಏರಿಸಿ ಇಳಿಸುವ ತಿರುಗಣೆ, ಒಳಗೆ ತಾಮ್ರದ ಸುರುಳಿ, ಕಬ್ಬಿಣದ ತಿರುಳು, ಕೆಲವದರಲ್ಲಿ ಎಣ್ಣೆಯೂ ಉಂಟು. ತೂಕ ನೂರು ಕೆಜಿ ಆಸುಪಾಸು. ಎರಡು ಫೇಸ್‌ಗೆ ವೈರ್ ಕೊಟ್ಟು ರಾಡ್ ತಾಗಿಸಿದರೆ ಅಕ್ಕಪಕ್ಕದ ಮನೆಗಳ ಬಲ್ಬು ಮಂಕಾಗುತ್ತಿತ್ತು. ಹಳ್ಳಿಯಲ್ಲಿ ತ್ರೀ ಫೇಸ್ ಬರುವ ಹೊತ್ತಿಗೇ ಕೆಲಸ, ಹೋದರೆ ಬೀಡಿ ಹಚ್ಚಿ ಕೂರಬೇಕು. ತೋಟದಲ್ಲಿ ಏನಾದರೂ ಮುರಿದರೆ ಅದನ್ನೇ ಗಾಡಿಗೆ ಹೇರಿಕೊಂಡು ಶೆಡ್ಡಿಗೆ ತರಬೇಕು. ಸೆಟ್ಟು ತೋಟಕ್ಕೆ ಹೋಗುವ ಮಾತೇ ಇರಲಿಲ್ಲ.

ಆ ಸೆಟ್ಟು ನಮಗೆ ಬಂದ ಕಾಲವೇ ಬೆಂಗಳೂರಿನ ಕೈಗಾರಿಕೆ ದೊಡ್ಡದಾಗಿ ಬೆಳೆದ ಕಾಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯಲ್ಲಿ ಹುಟ್ಟಿದವು. ಎಚ್‌ಎಂಟಿಗೆ ಎರಡು ವರ್ಷ ಮೊದಲು ಮುಂಬೈಯಲ್ಲಿ ಅಡ್ವಾಣಿ ಮನೆತನ ಅದೇ ಓರ್ಲಿಕಾನ್ ಹೆಸರಿನೊಡನೆ ವೆಲ್ಡಿಂಗ್ ರಾಡ್ ತಯಾರಿಕೆಗೆ ಇಳಿದಿತ್ತು. ಎಚ್‌ಎಂಟಿಯ ಲೇತೂ ಅಡ್ವಾಣಿಯವರ ರಾಡೂ ಒಂದೇ ಊರಿನ ಹೆಸರು ಹೊತ್ತು ಬಂದದ್ದು ನನಗೆ ಇಂದಿಗೂ ಸೊಗಸೆನಿಸುತ್ತದೆ. ಈ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಪೀಣ್ಯಕ್ಕೆ ಹಬ್ಬಿದವು, ಪೀಣ್ಯ ತುಂಬಿ ನೆಲಮಂಗಲ, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಕಡೆಗೆ ಹರಿಯಿತು.

ಆ ಜಾಲಹಳ್ಳಿಯಲ್ಲೇ ಒಬ್ಬ ಹುಡುಗ ಬೆಳೆಯುತ್ತಿದ್ದ. ಬಂಟ್ವಾಳ ಜಯಂತ ಬಾಳಿಗಾ, ಹುಟ್ಟಿದ್ದು 1948ರಲ್ಲಿ. ತಂದೆ ದೇಶದ ಮೊದಲ ತಲೆಮಾರಿನ ಎಲೆಕ್ಟ್ರಿಕಲ್ ಎಂಜಿನಿಯರುಗಳಲ್ಲಿ ಒಬ್ಬರು. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1969ರಲ್ಲಿ ಮದ್ರಾಸ್ ಐಐಟಿ ಪದವಿ ಪಡೆದು, ಅಮೆರಿಕದಲ್ಲಿ ಪಿಎಚ್.ಡಿ. ಮುಗಿಸಿ 1974ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯ ಸೇರಿದರು. ಮೋಟಾರುಗಳನ್ನು ಕಡಿಮೆ ವಿದ್ಯುತ್ತಿನಲ್ಲಿ, ಬೇಕಾದ ವೇಗದಲ್ಲಿ ಓಡಿಸುವುದು ಹೇಗೆಂಬುದು ಆಗ ಕಂಪನಿಗಿದ್ದ ತಲೆನೋವು. ಅದಕ್ಕೆ ಬಾಳಿಗಾ ಕೊಟ್ಟ ಉತ್ತರ ಐಜಿಬಿಟಿ. ಮಾಸ್‌ಫೆಟ್‌ನಂತೆ ಅಲ್ಪ ವೋಲ್ಟೇಜಿನ ಅಣತಿಗೆ ತೆರೆದು ಮುಚ್ಚುವ, ಬೈಪೋಲಾರ್ ಟ್ರಾನ್ಸಿಸ್ಟರಿನಂತೆ ಭಾರೀ ಕರೆಂಟನ್ನು ಹೊರುವ ಸ್ವಿಚ್ಚು ಅದು. 1982ರಲ್ಲಿ ಅವರ ತಂಡ ಅದನ್ನು ಲೋಕದ ಮುಂದಿಟ್ಟಿತು, ಮರುವರ್ಷ ಕಂಪನಿ ಮಾರಾಟಕ್ಕೆ ಬಿಟ್ಟಿತು. ಇದು ಒಬ್ಬರದೇ ಸಾಧನೆಯೆಂದರೆ ಅನ್ಯಾಯವಾದೀತು. ಆರ್‌ಸಿಎ ಕಂಪನಿಯ ಬೆಕ್ ಮತ್ತು ವ್ಹೀಟ್ಲಿ ಇದೇ ಬಗೆಯ ಸಾಧನಕ್ಕೆ ಪೇಟೆಂಟ್ ಪಡೆದಿದ್ದರು. ಒಮ್ಮೆ ತೆರೆದ ಸ್ವಿಚ್ಚು ಮುಚ್ಚಲೊಲ್ಲದೆ ಸುಟ್ಟುಹೋಗುವ ದೋಷವನ್ನು ನೀಗುವಲ್ಲಿ ತೋಶಿಬಾದ ನಕಗಾವಾ ಅವರ ಪಾಲು ದೊಡ್ಡದು. ಆದರೂ 2024ರ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಾಳಿಗಾ ಅವರನ್ನು ಅರಸಿ ಬಂತು. ಜಾಲಹಳ್ಳಿಯಿಂದ ಒಂದು ಗಳಿಗೆಯ ದಾರಿಯಲ್ಲಿ ದಿನವಿಡೀ ಆ ಸ್ವಿಚ್ಚಿನಿಂದ ದುಡಿಯುವ ವೆಲ್ಡರಿಗೆ ಈ ಹೆಸರು ಗೊತ್ತಿಲ್ಲ. ಗೊತ್ತಾಗಬೇಕು ಎಂಬ ಆಸೆಯಿಂದಲೇ ಇಷ್ಟು ಬರೆದೆ.

ಸ್ವಿಚ್ಚಿಗೂ ಸೆಟ್ಟಿನ ತೂಕಕ್ಕೂ ಏನು ಸಂಬಂಧ? ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅಷ್ಟು ನಿಧಾನವಾದ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಲ್ಲಿ ದಾಟಿಸಲು ದಪ್ಪ ಕಬ್ಬಿಣದ ತಿರುಳು ಬೇಕೇ ಬೇಕು. ಬಾವಿಯಿಂದ ದಿನಕ್ಕೆ ಐವತ್ತೇ ಸಲ ನೀರೆತ್ತಬೇಕಾದರೆ ಎತ್ತು ಎಳೆಯುವ ಕಪಿಲೆಯ ಬಾನಿ ಬೇಕು, ಐವತ್ತು ಸಾವಿರ ಸಲ ಎತ್ತುವುದಾದರೆ ಒಂದು ಚೊಂಬು ಸಾಕು. ಇನ್ವರ್ಟರ್ ಮಾಡುವುದೂ ಅದನ್ನೇ. ಬಂದ ವಿದ್ಯುತ್ತನ್ನು ಮೊದಲು ಡಿಸಿ ಮಾಡಿ, ಐಜಿಬಿಟಿಯಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಅಂಗೈಯಷ್ಟು ಟ್ರಾನ್ಸ್‌ಫಾರ್ಮರಿನಲ್ಲಿ ದಾಟಿಸಿ ಮತ್ತೆ ಡಿಸಿ ಮಾಡುತ್ತದೆ. ಹಿಂದೆ ಥೈರಿಸ್ಟರ್ ಎಂಬ ಸ್ವಿಚ್ಚು ಬಳಸಿ ಮಾಡಿದ ಇನ್ವರ್ಟರುಗಳೂ ಇದ್ದವು. ಅವು ಇಷ್ಟು ವೇಗ ಹಿಡಿಯಲಾರದೆ ಕಿವಿಗೆ ಕೇಳುವಂತೆ ಕಿರುಗುಡುತ್ತಿದ್ದವು.

ಇವತ್ತು 200 ಆಂಪಿಯರಿನ ಎಷ್ಟೋ ಸೆಟ್ಟುಗಳು ಎಂಟು ಕೆಜಿ ದಾಟುವುದಿಲ್ಲ. ಬೆಲ್ಟು ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ತೋಟಕ್ಕೆ ಹೋಗಬಹುದು, ಸಿಂಗಲ್ ಫೇಸ್ ಇದ್ದರೆ ಸಾಕು. ಕೆಲಸದ ಗುಣವೂ ಬೇರೆ. ಹಳೆಯ ಎಸಿ ಸೆಟ್ಟಿನಲ್ಲಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಅಷ್ಟೂ ಸಲ ಆರ್ಕ್ ಮತ್ತೆ ಹೊತ್ತಿಕೊಳ್ಳಬೇಕು. ಹೊಸ ಹುಡುಗನ ಕೈಯಲ್ಲಿ ರಾಡ್ ಪ್ಲೇಟಿಗೆ ಅಂಟಿ ಕೆಂಪಗಾಗುತ್ತಿತ್ತು. ಹೊಸ ಸೆಟ್ಟು ತಾಗಿದ ಕ್ಷಣದಲ್ಲಿ ಕರೆಂಟನ್ನು ತುಸು ಏರಿಸಿ ಆರ್ಕ್ ಹಿಡಿಸುತ್ತದೆ, ರಾಡ್ ಅಂಟಿತೆಂದು ತಿಳಿದರೆ ಕೂಡಲೇ ಇಳಿಸಿ ಬಿಡಿಸುತ್ತದೆ. 16 ಗೇಜಿನ ತೆಳು ಪೈಪಿಗೂ 2.5 ಎಂಎಂ ರಾಡಿನಲ್ಲಿ ತೂತು ಬೀಳದಂತೆ ಬೀಡ್ ಎಳೆಯಬಹುದು. ತೆಳು ಪೈಪಿನ ಗೇಟುಗಳು, ಮೆಟ್ಟಿಲ ಕಟಕಟೆಗಳು ಹಳ್ಳಿಯ ಮನೆಗಳಲ್ಲಿ ಇಷ್ಟು ಹೆಚ್ಚಿದ್ದರಲ್ಲಿ ಇದರ ಪಾಲೂ ಇದೆ. ಬಂಡವಾಳ ಕಡಿಮೆಯಾದ್ದರಿಂದ ನಿನ್ನೆಯ ಹೆಲ್ಪರ್ ಇವತ್ತು ಸ್ವಂತ ಶೆಡ್ಡು ಹಾಕಬಲ್ಲ. ಈ ಬದಲಾವಣೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸಂತೋಷಪಡಿಸುತ್ತದೆ.

ಕಳೆದುಕೊಂಡದ್ದೂ ಇದೆ. ಹಳೆಯ ಸೆಟ್ಟು ಸುಟ್ಟರೆ ಪೇಟೆಯ ವೈಂಡಿಂಗ್ ಅಂಗಡಿಯವನು ಸುರುಳಿ ಬಿಚ್ಚಿ, ಹೊಸ ತಂತಿ ಸುತ್ತಿ, ವಾರ್ನಿಶ್ ಹಚ್ಚಿ ಜೀವ ಕೊಡುತ್ತಿದ್ದ. ಇನ್ವರ್ಟರಿನ ಬೋರ್ಡು ಹೋದರೆ ಹೊಸ ಬೋರ್ಡು ಹಾಕಬೇಕು, ಇಲ್ಲವೇ ಅಗ್ಗದ ಸೆಟ್ಟನ್ನೇ ಗುಜರಿಗೆ ಎಸೆಯಬೇಕು. ಅದು ಕೆಡುವ ಕಾರಣ ಎಷ್ಟೋ ಸಲ ಶೆಡ್ಡಿನೊಳಗೇ ಇರುತ್ತದೆ. ಪಕ್ಕದಲ್ಲೇ ಗ್ರೈಂಡರ್ ಹಿಡಿದರೆ ಕಬ್ಬಿಣದ ಪುಡಿಯನ್ನು ಸೆಟ್ಟಿನ ಫ್ಯಾನು ಒಳಗೆ ಎಳೆದುಕೊಳ್ಳುತ್ತದೆ. ಬೋರ್ಡಿನ ಮೇಲೆ ಕೂತ ಪುಡಿ ತೇವ ಸೋಕಿದಾಗ ಶಾರ್ಟ್ ಆಗಿ ಐಜಿಬಿಟಿ ಢಂ ಎನ್ನುತ್ತದೆ. ಗ್ರೈಂಡರನ್ನು ಫ್ಯಾನಿನ ಎದುರಿನಿಂದ ದೂರ ಇಡಿ, ವಾರಕ್ಕೊಮ್ಮೆ ಪ್ಲಗ್ ಕಿತ್ತು ಒಣ ಗಾಳಿ ಹೊಡೆಯಿರಿ, ವೋಲ್ಟೇಜ್ ಕುಣಿಯುವ ಸಣ್ಣ ಜನರೇಟರಿಗೆ ಜೋಡಿಸಬೇಡಿ. ಐಟಿಐಗಳಲ್ಲಿ ವೆಲ್ಡರ್ ಟ್ರೇಡ್ ಕಲಿಯುವ ಹುಡುಗರಿಗೆ ಒಂದು ಸೆಟ್ಟಿನ ಕವಚ ಬಿಚ್ಚಿ, ಇದು ಐಜಿಬಿಟಿ, ಇದನ್ನು ಮೀಟರಿನಲ್ಲಿ ಹೀಗೆ ಪರೀಕ್ಷಿಸಬೇಕು ಎಂದು ತೋರಿಸಿದರೆ, ವೈಂಡಿಂಗ್ ಅಂಗಡಿಗಳು ಮುಚ್ಚಿದ ಬೀದಿಯಲ್ಲೇ ಬೋರ್ಡು ರಿಪೇರಿಯ ಅಂಗಡಿಗಳು ತೆರೆದಾವು.