ಕಾಫಿ ಸೀಮೆಯ ಯುವಜನರು ಮತ್ತು ಉದ್ಯೋಗದ ಆಯ್ಕೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಸುತ್ತಿನ ಬೆಳೆಗಾರರ ಮನೆಗಳಲ್ಲಿ ಹೂಮಳೆ ಬಿದ್ದು, ಮಕ್ಕಳ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಒಂದು ಪ್ರಶ್ನೆ ಏಳುತ್ತದೆ. ಓದು ಮುಗಿಸಿದ ಮಗ ಅಥವಾ ಮಗಳು ತೋಟದಲ್ಲಿ ನಿಲ್ಲಬೇಕೆ, ಬೆಂಗಳೂರಿನ ಕಡೆಗೆ ಹೋಗಬೇಕೆ? ಗಿಡ ನೆಡುವಾಗ ಮಣ್ಣು, ಎತ್ತರ, ನೆರಳು, ತಳಿ ಎಲ್ಲವನ್ನೂ ವಿಚಾರಿಸುವ ಬೆಳೆಗಾರರು ಈ ವಿಷಯವನ್ನು ಮಾತ್ರ ಪಕ್ಕದ ಮನೆಯವರನ್ನು ನೋಡಿ ತೀರ್ಮಾನಿಸುವುದುಂಟು.

ಎಷ್ಟೋ ಮನೆಗಳಲ್ಲಿ ತೀರ್ಮಾನವೇ ಆಗುವುದಿಲ್ಲ. "ಸದ್ಯಕ್ಕೆ ಮನೆಯಲ್ಲೇ ಇರಲಿ" ಎಂಬ ಮಾತಿನಲ್ಲಿ ಎರಡು ಮೂರು ವರ್ಷ ಕಳೆದುಹೋಗುತ್ತವೆ. ಆ ಯುವಕನಿಗೆ ತೋಟದ ಜವಾಬ್ದಾರಿಯೂ ಇಲ್ಲ, ಸಂಬಳವೂ ಇಲ್ಲ, ಹೊರಗಿನ ಕೆಲಸಕ್ಕೆ ಬೇಕಾದ ಕಸುಬೂ ಇಲ್ಲ. ಊರಿನಲ್ಲಿ ಉಳಿಯುವುದಾಗಲಿ, ಊರು ಬಿಡುವುದಾಗಲಿ ತಪ್ಪಲ್ಲ. ಎರಡೂ ಅಲ್ಲದೆ ನಡುವೆ ನಿಲ್ಲುವುದೇ ನಷ್ಟ. ಇದನ್ನು ತಪ್ಪಿಸಲು ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು.

ಮೊದಲು ತೋಟದ ಲೆಕ್ಕ

ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಕರ್ನಾಟಕದ್ದು. ಬೆಳೆಗಾರರಲ್ಲಿ ಬಹುಪಾಲು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯುಳ್ಳ ಸಣ್ಣ ಬೆಳೆಗಾರರು. ಆದ್ದರಿಂದ ತೋಟವು ಎಷ್ಟು ಜನರ ಜೀವನ ನಡೆಸಬಲ್ಲದು ಎಂಬುದನ್ನು ಮೊದಲು ತಿಳಿಯುವುದು ಅವಶ್ಯಕ.

ಇದಕ್ಕೆ ಒಂದು ವರ್ಷದ ಲೆಕ್ಕ ಸಾಲದು. 1942ರ ಕಾಫಿ ಕಾಯಿದೆಯ ನಂತರ ದೀರ್ಘಕಾಲ ಕಾಫಿಯನ್ನು ಮಂಡಳಿಯ ಪೂಲ್ ಮೂಲಕವೇ ಮಾರಲಾಗುತ್ತಿತ್ತು. 1992ರಿಂದ 1996ರವರೆಗೆ ಹಂತಹಂತವಾಗಿ ಮಾರಾಟ ಮುಕ್ತವಾಯಿತು. ಅಂದಿನಿಂದ ಇಲ್ಲಿನ ಬೆಲೆ ಹೊರದೇಶಗಳ ಪೇಟೆಯೊಂದಿಗೆ ಏರಿಳಿಯುತ್ತದೆ. 2000ದ ನಂತರದ ಕೆಲವು ವರ್ಷಗಳಲ್ಲಿ ಬೆಲೆ ಕುಸಿದು ಬೆಳೆಗಾರರು ಪಟ್ಟ ಪಾಡನ್ನು ಹಿರಿಯರು ಬಲ್ಲರು. ಹೀಗಾಗಿ ಕನಿಷ್ಠ ಐದು ವರ್ಷಗಳ ಸರಾಸರಿ ತೆಗೆಯಬೇಕು.

ಉದಾಹರಣೆಗೆ, ಕಾಫಿ ಮಾರಿ ಬಂದ ಪ್ರತಿ 12 ರೂಪಾಯಿಯಲ್ಲಿ ಆಳು, ಗೊಬ್ಬರ, ಔಷಧಿ, ಸಾಗಣೆ ಇವುಗಳಿಗೆ 8 ರೂಪಾಯಿ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಉಳಿಯುವುದು 4 ರೂಪಾಯಿ. ಬೆಲೆ ಕಾಲು ಭಾಗ ಇಳಿದರೆ 12 ರೂಪಾಯಿ 9 ಆಗುತ್ತದೆ. ಖರ್ಚು ಮಾತ್ರ 8 ರೂಪಾಯಿಯೇ. ಉಳಿಯುವುದು 1 ರೂಪಾಯಿ. ಅಂದರೆ ಬೆಲೆ ಕಾಲು ಭಾಗ ಇಳಿದರೆ ಉಳಿತಾಯ ಮುಕ್ಕಾಲು ಭಾಗ ಇಳಿಯುತ್ತದೆ. ಆ ಒಂದು ರೂಪಾಯಿಯನ್ನು ಇಬ್ಬರು ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಾದರೆ ಎಷ್ಟು ಸಿಕ್ಕೀತು ಎಂಬುದನ್ನು ಒಳ್ಳೆಯ ಬೆಲೆ ಇರುವಾಗಲೇ ಯೋಚಿಸಬೇಕು.

ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಕಲಮು ಇರಬೇಕು. ಮನೆಯ ಮಗ ಅಥವಾ ಮಗಳು ದುಡಿದ ದಿನಗಳಿಗೆ ರೈಟರಿಗೆ ಕೊಡುವಷ್ಟು ಸಂಬಳವನ್ನಾದರೂ ಖರ್ಚಿನಲ್ಲಿ ಬರೆಯಬೇಕು. ಅದನ್ನು ಬರೆದ ಮೇಲೂ ತೋಟದಲ್ಲಿ ಹಣ ಉಳಿದರೆ ಅಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಉಳಿಯದಿದ್ದರೆ, ತೋಟದ ಜೊತೆಗೆ ಬೇರೊಂದು ಕಸುಬು ಬೇಕೇ ಬೇಕು.

ಒಂದು ವರ್ಷದ ಸುತ್ತು

ರಜೆಯಲ್ಲಿ ನಾಲ್ಕು ದಿನ ತೋಟ ಸುತ್ತಿದವರಿಗೆ ತೋಟದ ಕೆಲಸ ತಿಳಿಯುವುದಿಲ್ಲ. ಅನುಮಾನದಲ್ಲಿರುವವರು ಒಂದು ಪೂರ್ಣ ವರ್ಷವನ್ನು ಇದಕ್ಕಾಗಿಯೇ ಮೀಸಲಿಡುವುದು ಒಳ್ಳೆಯದು. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಕೊಯ್ಲು, ಪಲ್ಪಿಂಗ್, ಕಣದ ಕೆಲಸ. ಅದರ ಬೆನ್ನಿಗೆ ರೋಬಸ್ಟಾ ಕೊಯ್ಲು. ಫೆಬ್ರುವರಿ, ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ನೀರು. ಬಿಳಿ ಕಾಂಡಕೊರಕದ ದುಂಬಿಗಳು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಅವಧಿಯಲ್ಲಿ ಹೊರಬರುವುದರಿಂದ, ಅದಕ್ಕೆ ಮೊದಲೇ ಅರೇಬಿಕಾ ಗಿಡಗಳನ್ನು ಒಂದೊಂದಾಗಿ ನೋಡಿ ರೋಗಿಷ್ಟ ಗಿಡಗಳನ್ನು ತೆಗೆಯಬೇಕು. ಮಳೆಗೆ ಮುಂಚೆ ಬೋರ್ಡೋ ಸಿಂಪಡಣೆ, ಮಳೆಯಲ್ಲಿ ಮರಗಸಿ ಮತ್ತು ಹೊಸ ನೆಡುವಿಕೆ, ಮಳೆಯ ನಂತರ ಗೊಬ್ಬರ, ಚಿಗುರು ತೆಗೆಯುವುದು.

ಈ ಸುತ್ತಿನಲ್ಲಿ ತಮ್ಮ ಮನಸ್ಸು ಯಾವ ಕೆಲಸದ ಕಡೆಗೆ ಹೋಗುತ್ತದೆ ಎಂಬುದನ್ನು ಯುವಜನರು ತಾವೇ ಗಮನಿಸಬೇಕು. ಒಬ್ಬನಿಗೆ ಗಿಡದ ರೋಗ ಹುಡುಕುವುದರಲ್ಲಿ ಆಸಕ್ತಿ, ಇನ್ನೊಬ್ಬನಿಗೆ ಕೆಟ್ಟ ಪಂಪು ಬಿಚ್ಚುವುದರಲ್ಲಿ. ಒಬ್ಬಳಿಗೆ ಆಳುಗಳ ಲೆಕ್ಕ ಸಲೀಸು, ಇನ್ನೊಬ್ಬಳಿಗೆ ಕಾಫಿಯ ರುಚಿ ಗುರುತಿಸುವುದು. ಜುಲೈ ತಿಂಗಳ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಮರಗಸಿ ಮಾಡಿಸಿದ ಮೇಲೂ ಬೇಸರ ಬರದಿದ್ದರೆ ಅಂಥವರು ತೋಟದಲ್ಲಿ ನಿಲ್ಲಬಲ್ಲರು.

ತೋಟದ ಸುತ್ತಲಿನ ಕಸುಬುಗಳು

ಕಾಫಿಯನ್ನು ನಂಬಿದ ಕೆಲಸಗಳು ತೋಟದ ಮಾಲೀಕನಿಗೆ ಮಾತ್ರ ಸೇರಿದವಲ್ಲ. ಜಮೀನಿಲ್ಲದ ಮನೆಗಳ ಮತ್ತು ಲೈನ್ ಮನೆಗಳ ಮಕ್ಕಳಿಗೂ ಇವುಗಳಲ್ಲಿ ಅವಕಾಶವಿದೆ.

1. ಸಸಿಮಡಿ: ಡಿಸೆಂಬರ್-ಜನವರಿಯಲ್ಲಿ ಬೀಜ ಹಾಕಿ, ಮೊಳಕೆಗಳನ್ನು ಪಾಲಿಥೀನ್ ಚೀಲಗಳಿಗೆ ವರ್ಗಾಯಿಸಿ, ಮಳೆಗಾಲಕ್ಕೆ ಕಾಫಿ ಸಸಿ ಸಿದ್ಧಪಡಿಸಬಹುದು. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯಂತಹ ತಳಿಗಳ ಸಸಿಗಳ ಜೊತೆಗೆ ಬೇರು ಬಂದ ಮೆಣಸಿನ ಬಳ್ಳಿಯನ್ನೂ ಬೆಳೆಸಬಹುದು. ಬೇಕಾಗುವ ಜಾಗ ಕಡಿಮೆ. ಆದರೆ ಬೀಜದ ಮೂಲ ನಂಬಿಕೆಯದ್ದಾಗಿರಬೇಕು.

2. ಯಂತ್ರಗಳ ದುರಸ್ತಿ: ಪಂಪು, ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಪಲ್ಪರ್ ಇವೆಲ್ಲ ಕೆಡುವುದು ಅವಸರದ ಕಾಲದಲ್ಲೇ. ಐ.ಟಿ.ಐ. ಮುಗಿಸಿದವರು 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆದು ತರಬೇತಿ ಹೊಂದಿ, ಆಮೇಲೆ ಊರಿನಲ್ಲೇ ಅಂಗಡಿ ತೆರೆಯಬಹುದು.

3. ಕಾಫಿ ಗುಣಮಟ್ಟ: ಕಾಫಿ ಮಂಡಳಿಯು ಪದವೀಧರರಿಗೆ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಹುರಿಯುವುದು ಮತ್ತು ಕಾಫಿ ತಯಾರಿಕೆಯನ್ನು ಕಲಿಸುವ 'ಕಾಪಿ ಶಾಸ್ತ್ರ' ಎಂಬ ಕಿರು ತರಬೇತಿಯೂ ಇದೆ. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಹೆಸರಿನ ಲಾಭ ಬೆಳೆಗಾರರಿಗೆ ಬರಬೇಕಾದರೆ ಹಣ್ಣು ಆರಿಸಿ ಕೊಯ್ದು, ಪಾರ್ಚ್‌ಮೆಂಟನ್ನು ಸರಿಯಾದ ತೇವಾಂಶಕ್ಕೆ ಒಣಗಿಸಿ, ರುಚಿ ನೋಡಿ ವಿಂಗಡಿಸಬಲ್ಲವರು ಬೇಕು.

4. ಕೃಷಿ ಶಿಕ್ಷಣ: ಮೂಡಿಗೆರೆಯ ತೋಟಗಾರಿಕೆ ಮಹಾವಿದ್ಯಾಲಯವು ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೃಷಿ ಪದವಿಗಳ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ತೋಟದಲ್ಲಿ ಕಳೆದ ವರ್ಷ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಷ್ಟು ಓದಲು ಆಗದವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿಗಳ ಬಗ್ಗೆ ವಿಚಾರಿಸಬಹುದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರವೂ ಹತ್ತಿರದಲ್ಲೇ ಇದೆ.

ಕುದುರೆಮುಖದ ಪಾಠ

ಸ್ಥಿರವಾದ ನೌಕರಿ ಸಿಕ್ಕರೆ ಸಾಕು ಎನ್ನುವವರು ಕಳಸಕ್ಕೆ ಸಮೀಪದ ಕುದುರೆಮುಖವನ್ನು ನೆನೆಯಬೇಕು. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಬ್ಬಿಣದ ಅದಿರು ಕಂಪನಿಗಾಗಿ ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ಅದಿರಿನ ಪುಡಿ ನೀರಿನೊಂದಿಗೆ ಕೊಳವೆಯಲ್ಲಿ ಮಂಗಳೂರಿಗೆ ಹರಿಯುತ್ತಿತ್ತು. ಕಾಡು ಮತ್ತು ಭದ್ರಾ ನದಿಯ ರಕ್ಷಣೆಯ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿ, 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯನ್ನು ನಂಬಿ ಬೆಳೆದ ಊರು ಬರಿದಾಯಿತು.

ಗಣಿ ನಿಂತರೂ ಬೆಸುಗೆ, ವಿದ್ಯುತ್ ಕೆಲಸ, ಯಂತ್ರ ನಡೆಸುವುದು ಕಲಿತ ಕೈಗೆ ಬೇರೆ ಊರಿನಲ್ಲೂ ಬೆಲೆಯುಂಟು; ಹೆಸರಿಗೆ ನೌಕರಿ ಮಾತ್ರ ಇದ್ದವನಿಗೆ ಅದಿಲ್ಲ. ತೋಟಕ್ಕೂ ಈ ಮಾತು ಅನ್ವಯಿಸುತ್ತದೆ. ಕಳಸದ ಕಡೆ ಅಡಿಕೆಗೆ ಹಳದಿ ಎಲೆ ರೋಗದ ಮೇಲೆ ಎಲೆಚುಕ್ಕಿ ರೋಗವೂ ಸೇರಿ, ಅಡಿಕೆಯೊಂದನ್ನೇ ನಂಬಿದ ಮನೆಗಳು ಕಂಗಾಲಾಗಿವೆ. ಯಾವ ಸಂಸ್ಥೆ, ಯಾವ ಬೆಳೆ ಎನ್ನುವುದಕ್ಕಿಂತ ತನ್ನ ಕೈಯಲ್ಲಿ ಯಾವ ವಿದ್ಯೆ ಇದೆ ಎಂಬುದೇ ಮುಖ್ಯ.

ಓದಿದವರು ಮತ್ತು ಹೆಣ್ಣುಮಕ್ಕಳು

ಓದಿದವರಿಗೆ ತೋಟ ತಕ್ಕುದಲ್ಲ ಎಂಬ ಮಾತಿದೆ. ಮೈಸೂರಿನಲ್ಲಿ ಎಂ.ಎ. ಮುಗಿಸಿದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938-2007) ನೌಕರಿಯ ದಾರಿ ಬಿಟ್ಟು ಕಾಫಿ ಕೃಷಿಗೆ ಬಂದು, ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಬರೆದರು. ಓದು ತೋಟಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಈ ಸೀಮೆಯಲ್ಲಿ ಬೇರೆ ಸಾಕ್ಷಿ ಬೇಡ.

ಹೆಣ್ಣುಮಕ್ಕಳನ್ನು ಈ ಚರ್ಚೆಯಿಂದ ಹೊರಗಿಡುವುದೂ ಸರಿಯಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹಕ್ಕು ಬಂದಿದೆ. ಹಕ್ಕಿರುವ ಮಗಳಿಗೆ ತೋಟದ ಲೆಕ್ಕವನ್ನೂ ಕೆಲಸವನ್ನೂ ಕಲಿಸಿದರೆ ಕುಟುಂಬಕ್ಕೇ ಲಾಭ.

ಹಿರಿಯರು ಮಾಡಬೇಕಾದುದು

ಎಷ್ಟೋ ಯುವಕರು ತೋಟ ಬಿಡುವುದು ಕೆಲಸಕ್ಕೆ ಅಂಜಿಯಲ್ಲ. ಮೂವತ್ತು ವರ್ಷವಾದರೂ ಬಸ್ ಚಾರ್ಜಿಗೆ ತಂದೆಯ ಮುಂದೆ ಕೈ ಚಾಚಬೇಕಾದುದರಿಂದ. ಮಗ ಅಥವಾ ಮಗಳು ನಿಲ್ಲುವುದಾದರೆ ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದಿಡಬೇಕು: ತಿಂಗಳ ಸಂಬಳ ಎಷ್ಟು, ತೋಟದ ಯಾವ ಭಾಗದ ಪೂರ್ಣ ಜವಾಬ್ದಾರಿ ಅವರದು, ಮುಂದೆ ಪಾಲು ಹೇಗೆ. ಅರ್ಧ ಎಕರೆಯನ್ನಾದರೂ ಅವರ ಇಷ್ಟದಂತೆ ಮಾಡಲು ಬಿಟ್ಟರೆ, ಅಲ್ಲಿ ಆಗುವ ಸಣ್ಣ ನಷ್ಟವು ಕಲಿಕೆಯ ಶುಲ್ಕ.

ಹೊರಗೆ ಹೋಗುವುದಾದರೆ ಬಾಗಿಲು ಮುಚ್ಚಬಾರದು. ಹಬ್ಬಕ್ಕೆ ಬಂದಾಗ ಲೆಕ್ಕದ ಪುಸ್ತಕ ತೋರಿಸಿ, ಕೊಯ್ಲಿನಲ್ಲಿ ನಾಲ್ಕು ದಿನ ಕಣಕ್ಕೆ ಕರೆದರೆ, ಮುಂದೆ ಹಿಂದಿರುಗುವ ದಿನ ಬಂದರೂ ತೋಟ ಅವರಿಗೆ ಹೊಸದಾಗುವುದಿಲ್ಲ.

ನೆನಪಿಡಬೇಕಾದ ಅಂಶಗಳು

1. ಐದು ವರ್ಷಗಳ ಸರಾಸರಿ ಲೆಕ್ಕ ತೆಗೆದು, ಅದರಲ್ಲಿ ಮನೆಯವರ ಸಂಬಳವನ್ನೂ ಸೇರಿಸಬೇಕು.
2. ಕೊಯ್ಲಿನಿಂದ ಕೊಯ್ಲಿಗೆ ಒಂದು ವರ್ಷ ಕೆಲಸ ಮಾಡಿ ನೋಡಬೇಕು.
3. ತೋಟದಲ್ಲಿ ನಿಂತರೂ ಬೇರೆಡೆ ನಡೆಯುವಂತಹ ಒಂದು ಕಸುಬು ಕಲಿಯಬೇಕು.
4. ವರ್ಷದ ಕೊನೆಗೆ ಮನೆಯವರೆಲ್ಲ ಕುಳಿತು ತೀರ್ಮಾನ ಮಾಡಬೇಕು, ಅದನ್ನು ಮುಂದೂಡಬಾರದು.

ನಾಟಿ ಹಾಕುವ ಕಾಲ ಮೀರಿದ ಸಸಿ ಚೀಲದಲ್ಲೇ ಬೇರು ಸುತ್ತಿಕೊಂಡು ಸೊರಗುತ್ತದೆ. ಯುವಜನರನ್ನೂ ಕಾಲಕ್ಕೆ ಸರಿಯಾಗಿ, ತಕ್ಕ ನೆಲ ನೋಡಿ ನೆಲೆಗೊಳಿಸುವುದು ಬೆಳೆಗಾರ ಕುಟುಂಬಗಳ ಕರ್ತವ್ಯವಾಗಿದೆ.