ಬಿದ್ದ ಮರದ ಲೆಕ್ಕ

ಸಾಗರ, ಸೊರಬದ ಗುಡಿಗಾರರು ಕೆತ್ತಿದ ಶ್ರೀಗಂಧದ ಮೂರ್ತಿಯೋ ಪೆಟ್ಟಿಗೆಯೋ ಶಿವಮೊಗ್ಗದ ಅನೇಕ ಮನೆಗಳಲ್ಲಿದೆ. ಅದು ಯಾವ ಮರದ ಗಂಧವೆಂದು ಯಾರೂ ಕೇಳುವುದಿಲ್ಲ. ಬೆಲೆಯಿರುವುದು ಗಂಧಕ್ಕೆ ಮತ್ತು ಕುಸುರಿಗೆ. ಒಂದೇ ಮರದ ಹೆಸರಿನಲ್ಲಿ ದಶಕಗಳ ಕಾಲ ವ್ಯಾಪಾರ ನಡೆದದ್ದು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ.

ಷೇಕ್ಸ್‌ಪಿಯರ್ ಕೈಯಾರೆ ನೆಟ್ಟನೆಂದು ಜನ ನಂಬಿದ್ದ ಹಿಪ್ಪುನೇರಳೆ ಮರವೊಂದು ಅಲ್ಲಿತ್ತು. ನೋಡಲು ಬರುವವರ ಕಾಟ ತಾಳಲಾರದೆ ಮನೆಯೊಡೆಯ, ಪಾದ್ರಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್, 1756ರಲ್ಲಿ ಅದನ್ನು ಕಡಿಸಿಹಾಕಿದ. ಸೌದೆಯಾಗಬೇಕಿದ್ದ ದಿಮ್ಮಿಗಳ ಬಹುಪಾಲನ್ನು ಥಾಮಸ್ ಷಾರ್ಪ್ ಎಂಬ ಗಡಿಯಾರದ ಕುಶಲಕರ್ಮಿ ಕೊಂಡು ನಶ್ಯದ ಡಬ್ಬಿ, ಬಟ್ಟಲು, ಪೆಟ್ಟಿಗೆಗಳನ್ನು ಮಾಡಿ ಮಾರಿದ. 1769ರಲ್ಲಿ ನಟ ಡೇವಿಡ್ ಗ್ಯಾರಿಕ್‌ಗೆ ಊರಿನ ಗೌರವಪತ್ರ ಸಂದದ್ದು ಆ ಮರದ್ದೆನ್ನಲಾದ ಕೆತ್ತನೆಯ ಪೆಟ್ಟಿಗೆಯಲ್ಲಿ. ಅದೀಗ ಬ್ರಿಟಿಷ್ ಮ್ಯೂಸಿಯಂನ ಸ್ವತ್ತು.

ಮಾರಾಟ ಮಾತ್ರ ನಿಲ್ಲಲೇ ಇಲ್ಲ. ಒಂದು ಮರದಲ್ಲಿ ಅಷ್ಟೊಂದು ಕಟ್ಟಿಗೆ ಇದ್ದೀತೇ ಎಂಬ ಗುಮಾನಿ ಎದ್ದಿತು. 1799ರಲ್ಲಿ ಸಾವಿನ ಹೊಸ್ತಿಲಲ್ಲಿದ್ದ ಷಾರ್ಪ್, ತಾನು ಬೇರೆ ಮರ ಬಳಸಿಲ್ಲವೆಂದು ಪ್ರಮಾಣಪತ್ರ ಮಾಡಿಕೊಟ್ಟ. ಅರ್ಥಶಾಸ್ತ್ರ ಓದಿದವನಿಗೆ ಇದು ಸಾಲದು. ಪೂರೈಕೆ ಸೀಮಿತವಾಗಿ ಬೇಡಿಕೆ ಹೆಚ್ಚಿದರೆ ಬೆಲೆ ಏರಬೇಕು. ಪೂರೈಕೆಯೇ ಏರುತ್ತಿದ್ದರೆ ಲೆಕ್ಕಪರಿಶೋಧಕರನ್ನು ಕರೆಯಬೇಕು!

ನಮ್ಮಲ್ಲಿ 2023ರ ಮಳೆಗಾಲದಲ್ಲಿ ಸವಣೂರಿನ ಮೂರು ದೊಡ್ಡಹುಣಸೆ ಮರಗಳಲ್ಲಿ ಒಂದು ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟದ್ದು ಶ್ಲಾಘನೀಯ. ಅದರ ಕಟ್ಟಿಗೆ ಮೆದು. ಕೆತ್ತನೆಗೆ ಒದಗುವಂಥದ್ದೂ ಅಲ್ಲ. ಆದರೆ ಬಿದ್ದ ಮರಗಳಿಗೆಲ್ಲ ಈ ಭಾಗ್ಯವಿಲ್ಲ. ಸೇವೆಯಲ್ಲಿದ್ದಾಗ ನಾನು ಕಂಡ ಹರಾಜಿನ ಕಡತಗಳಲ್ಲಿ ಮರದ ಜಾತಿ, ಸುತ್ತಳತೆ, ಘನ ಅಳತೆ ಇರುತ್ತಿದ್ದವು. ಅದರಡಿ ಸಂತೆ ಸೇರುತ್ತಿತ್ತೇ, ಪಂಚಾಯಿತಿ ಕೂಡುತ್ತಿತ್ತೇ ಎಂಬುದಕ್ಕೆ ಕಲಂ ಇರಲಿಲ್ಲ. ಅಳತೆಯಾದ ಮರ ಲಾರಿಯೇರಿ ಸಾಮಿಲ್ಲಿಗೆ ಹೋಗುತ್ತಿತ್ತು, ಊರಿನ ನೆನಪೂ ಅದರೊಡನೆಯೇ.

ಶಿವಮೊಗ್ಗ, ಭದ್ರಾವತಿಯ ರಸ್ತೆ ಅಗಲೀಕರಣಕ್ಕೋ ಬಿರುಗಾಳಿಗೋ ಹೆಸರಾಂತ ಹಲಸು, ಬೀಟೆಗಳು ಬಿದ್ದಾಗ ಒಂದೆರಡು ದಿಮ್ಮಿಗಳನ್ನಾದರೂ ಹರಾಜಿನಿಂದ ಹೊರಗಿರಿಸಿ ಗುಡಿಗಾರರಿಗೆ ಒಪ್ಪಿಸಬಹುದು. ಕೊಡಲಿ ಬೀಳುವ ಮೊದಲೇ ಮರದ ಚಿತ್ರ, ನಿಂತಿದ್ದ ಜಾಗ, ಹಿರಿಯರ ಹೇಳಿಕೆ ದಾಖಲಾಗಲಿ. ಎಷ್ಟು ಘನ ಅಡಿ ಕೊಟ್ಟಿದ್ದೆಂಬುದು ಬಹಿರಂಗವಾಗಲಿ, ಪ್ರತಿ ವಸ್ತುವಿಗೂ ಸಂಖ್ಯೆಯಿರಲಿ. ದಿಮ್ಮಿ ಮುಗಿದ ದಿನ ಆ ಪುಸ್ತಕಕ್ಕೆ ಅಧಿಕಾರಿಯೊಬ್ಬರು ಸಹಿ ಹಾಕಿ ಮುಚ್ಚಬೇಕು.